ಸಾಸೇಜಿನ ವಿಷ, ಸೊಂಟಕ್ಕೆ ಮದ್ದು

ಕೆಟ್ಟುಹೋದ ಸಾಸೇಜಿನಿಂದ ತೆಗೆದ ಹುಳಿ ಸಾರದ ಕೆಲವು ಹನಿಗಳನ್ನು ಆ ವೈದ್ಯ ತನ್ನ ನಾಲಿಗೆಗೇ ಹಾಕಿಕೊಂಡ. ಅಂಗುಳು ಒಣಗಿತು, ಗಂಟಲು ಒಣಗಿತು. ಆದದ್ದನ್ನು ಆದ ಹಾಗೆಯೇ ಬರೆದಿಟ್ಟ. ಹೆಸರು ಯುಸ್ಟಿನುಸ್ ಕರ್ನರ್. ದಕ್ಷಿಣ ಜರ್ಮನಿಯ ವೈನ್ಸ್‌ಬರ್ಗ್ ಎಂಬ ಸಣ್ಣ ಊರಿನ ಸರ್ಕಾರಿ ವೈದ್ಯ, ಜೊತೆಗೆ ಹೆಸರಾಂತ ಕವಿ. ಅಂದು ಅವನು ಬರೆದಿಟ್ಟ ಟಿಪ್ಪಣಿಯ ಎಳೆಯನ್ನೇ ಹಿಡಿದು ಬಂದರೆ, ಇವತ್ತು ಬಿಗಿದ ಸೊಂಟ, ತೊಡೆಗಳ ಸ್ನಾಯು ಸಡಿಲಿಸಲು ಕೊಡುವ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದಿಗೆ ಬಂದು ನಿಲ್ಲುತ್ತೇವೆ.

ನೆಪೋಲಿಯನ್ ಯುದ್ಧಗಳು ಆ ಸೀಮೆಯನ್ನು ಹಿಂಡಿ ಹಿಪ್ಪೆ ಮಾಡಿದ್ದ ಕಾಲ ಅದು. ಬಡವರು ಹಂದಿಯ ರಕ್ತ, ಮಾಂಸವನ್ನು ಕರುಳಿನಲ್ಲೋ ಹೊಟ್ಟೆಚೀಲದಲ್ಲೋ ತುಂಬಿ, ಹೊಗೆಗೆ ಕಟ್ಟಿ, ತಿಂಗಳುಗಟ್ಟಲೆ ಇಟ್ಟು ತಿನ್ನುತ್ತಿದ್ದರು. ಸರಿಯಾಗಿ ಬೇಯದಿದ್ದರೆ ಅದೇ ಮೃತ್ಯು. ರೆಪ್ಪೆ ಜೋಲುತ್ತಿತ್ತು, ಒಂದು ಎರಡಾಗಿ ಕಾಣುತ್ತಿತ್ತು, ನೀರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಕೊನೆಗೆ ಉಸಿರೇ ನಿಲ್ಲುತ್ತಿತ್ತು. ಅಲ್ಲಿಯವರೆಗೂ ರೋಗಿಗೆ ಪ್ರಜ್ಞೆ ಮಾತ್ರ ಸ್ವಚ್ಛವಾಗಿರುತ್ತಿತ್ತು. ಕರ್ನರ್ ಇಂಥ ಪ್ರಕರಣಗಳನ್ನು ಒಂದೊಂದಾಗಿ ಕೂಡಿಹಾಕಿದ. 1820ರ ಪುಸ್ತಕದಲ್ಲಿ 76, 1822ರ ಪುಸ್ತಕದಲ್ಲಿ 155. ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದ, ತನ್ನ ಮೇಲೂ ಮಾಡಿಕೊಂಡ. ಈ ವಿಷ ನರ ಮತ್ತು ಸ್ನಾಯುಗಳ ನಡುವಿನ ಆಜ್ಞೆಯನ್ನು ಕಡಿಯುತ್ತದೆ ಎಂದು ಗುರುತಿಸಿದ. ಅಲ್ಲಿಗೇ ಬಿಡಲಿಲ್ಲ. ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ, ಅಂಕೆ ಮೀರಿ ಅದುರುವ ಅಂಗಗಳ ಕಾಯಿಲೆಗೆ ಇದೇ ಔಷಧವಾದೀತು ಎಂದೂ ಬರೆದ. ಸೂಕ್ಷ್ಮಾಣುಗಳೇ ರೋಗ ತರುತ್ತವೆ ಎಂಬ ಅರಿವು ವೈದ್ಯಲೋಕಕ್ಕೆ ಇನ್ನೂ ಮೂಡಿರದ ದಿನಗಳಲ್ಲಿ ಹುಟ್ಟಿದ ಯೋಚನೆ ಇದು. ಡಾ. ಎಂ. ಶಿವರಾಂ, ಅನುಪಮಾ ನಿರಂಜನರಂಥ ವೈದ್ಯ-ಸಾಹಿತಿಗಳನ್ನು ಕಂಡ ನಮಗೆ ಕರ್ನರ್ ದೂರದವನೆನಿಸುವುದಿಲ್ಲ. ರೋಗಿಯ ಮಂಚದ ಪಕ್ಕ ಕೂತು, ಕಂಡದ್ದನ್ನು ತಾಳ್ಮೆಯಿಂದ ಬರೆಯುವ ಆ ಗುಣವೇ ಈಗ ಅಪರೂಪವಾಗುತ್ತಿದೆ ಎಂಬುದು ನನ್ನ ಸಂಕಟ.

ಮುಂದಿನದು ಬೇಗ ಹೇಳಿ ಮುಗಿಸಬಹುದು. 1895ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಎಲೆಝೆಲ್ ಎಂಬ ಹಳ್ಳಿಯ ಶವಸಂಸ್ಕಾರಕ್ಕೆ ಬಂದ ವಾದ್ಯತಂಡದವರು ಉಪ್ಪುಹಾಕಿಟ್ಟ ಹಂದಿಮಾಂಸ ತಿಂದರು; ಮೂವರು ಸತ್ತರು. ಸೂಕ್ಷ್ಮಾಣು ತಜ್ಞ ಎಮಿಲ್ ಫಾನ್ ಎರ್ಮೆಂಗೆಮ್ ಆ ಮಾಂಸದಿಂದಲೇ ವಿಷ ಉಂಟುಮಾಡುವ ಬ್ಯಾಕ್ಟೀರಿಯಾವನ್ನು ಹಿಡಿದರು. 1949ರಲ್ಲಿ ಔಷಧವಿಜ್ಞಾನಿ ಅರ್ನಾಲ್ಡ್ ಬರ್ಜೆನ್ ತಂಡ, ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಬಿಡುಗಡೆಯಾಗದಂತೆ ಈ ವಿಷ ತಡೆಯುತ್ತದೆಂದು ತೋರಿಸಿತು. ಸ್ಯಾನ್‌ಫ್ರಾನ್ಸಿಸ್ಕೊದ ಕಣ್ಣಿನ ವೈದ್ಯ ಆಲನ್ ಸ್ಕಾಟ್ ಮೆಳ್ಳಗಣ್ಣಿಗೆ ಇದನ್ನು ಚುಚ್ಚಿ, 1980ರಲ್ಲಿ ಫಲಿತಾಂಶ ಪ್ರಕಟಿಸಿದರು. 1989ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ಕಣ್ಣಿನ ಪುಟ್ಟ ಸ್ನಾಯುವಿಗೆ ಆದದ್ದು ತೊಡೆಯ ದೊಡ್ಡ ಸ್ನಾಯುವಿಗೂ ಆದೀತು ಎಂದು, 1990ರ ದಶಕದಲ್ಲಿ, ಮೆದುಳಿಗಾದ ಹಾನಿಯಿಂದ ಸ್ನಾಯು ಬಿಗಿಯುವ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಕೊಡತೊಡಗಿದರು.

ಆ ಮಕ್ಕಳ ಕಷ್ಟವನ್ನು ನಮ್ಮ ಕಡೆಯ ಮನೆಗಳಲ್ಲಿ ಮೊದಲು ಅರಿಯುವವಳು ತಾಯಿ. ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳಲು ಹೋದರೆ ಕಾಲು ಅಗಲವಾಗುವುದಿಲ್ಲ. ಎರಡೂ ತೊಡೆ ಕತ್ತರಿಯಂತೆ ಹೆಣೆದುಕೊಳ್ಳುತ್ತವೆ. ತೊಡೆಸಂದಿ ತೊಳೆಯುವುದೂ ಚಡ್ಡಿ ಹಾಕುವುದೂ ಹೋರಾಟ. ದೊಡ್ಡದಾದಂತೆ ಚಕ್ಕಳಮಕ್ಕಳ ಹಾಕಿ ಕೂರಲಾಗದು, ಕುಕ್ಕರಗಾಲಿನಲ್ಲಿ ಶೌಚಕ್ಕೆ ಕೂರಲಾಗದು. ನಮ್ಮ ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯ ತರಳಬಾಳು ಮಠದ ದಾಸೋಹದಲ್ಲಿ ಎಲ್ಲರ ಜೊತೆ ಪಂಕ್ತಿಯಲ್ಲಿ ನೆಲಕ್ಕೆ ಕೂತು ಉಣ್ಣುವುದೂ ಆ ಮಗುವಿಗೆ ದಕ್ಕುವುದಿಲ್ಲ. ಸದಾ ಬಿಗಿದ ಸ್ನಾಯು ಎಳೆದೆಳೆದು ತೊಡೆಮೂಳೆಯ ಗುಂಡು ಕೀಲಿನಿಂದ ಜಾರತೊಡಗಿದರೆ ನೋವು ಶುರು.

ಚುಚ್ಚುಮದ್ದು ಮಾಡುವುದಿಷ್ಟು. ಸ್ಕ್ಯಾನ್ ನೋಡುತ್ತ ತೊಡೆಯ ಒಳಭಾಗದ ಬಿಗಿದ ಸ್ನಾಯುವಿಗೇ ಕೊಡುತ್ತಾರೆ. ಕೆಲವು ದಿನಗಳಲ್ಲಿ ಬಿಗಿತ ಇಳಿಯುತ್ತದೆ. ಸುಮಾರು ಮೂರು ತಿಂಗಳಾದ ಮೇಲೆ ನರ ಮತ್ತೆ ಚಿಗುರಿ ಬಿಗಿತ ಮರಳುತ್ತದೆ. ಮೆಲ್ಬರ್ನ್‌ನಲ್ಲಿ 16 ಮಕ್ಕಳ ಒಂದು ಅಧ್ಯಯನದಲ್ಲಿ, ತೊಡೆಸ್ನಾಯುವಿನ ಶಸ್ತ್ರಚಿಕಿತ್ಸೆಗೆ ಮುಂಚೆ ಇದನ್ನು ಪಡೆದವರಿಗೆ ನಂತರದ ನೋವು ಪಡೆಯದವರಿಗಿಂತ 74% ಕಡಿಮೆಯಿತ್ತೆಂದು 2000ದಲ್ಲಿ ವರದಿಯಾಯಿತು. ಆದರೆ 2008ರ ಇನ್ನೊಂದು ಆಸ್ಟ್ರೇಲಿಯಾ ಅಧ್ಯಯನದಲ್ಲಿ, ಚುಚ್ಚುಮದ್ದಿನ ಜೊತೆ ಕಾಲು ಅಗಲಿಸಿಡುವ ಪಟ್ಟಿ ಕಟ್ಟಿದರೂ ಕೀಲು ಜಾರುವುದನ್ನು ತಡೆಯುವಷ್ಟು ಲಾಭ ಕಾಣಲಿಲ್ಲ. ನೋವಿಗೆ, ಬಿಗಿತಕ್ಕೆ ಇದು ಒದಗುತ್ತದೆ; ಜಾರುವ ಕೀಲಿಗೆ ಎಕ್ಸ್‌ರೇ ತೆಗೆಸುತ್ತ ಕಾಯುವುದು, ಬೇಕಾದಾಗ ಶಸ್ತ್ರಚಿಕಿತ್ಸೆ ಮಾಡುವುದೇ ದಾರಿ. ಮೂಳೆಯದೇ ದೋಷವಿದ್ದರಂತೂ ಇದರಿಂದ ಪರಿಹಾರವಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯಲ್ಲಿ ಸೊಂಟದ ಕೀಲೇ ಸವೆಯುತ್ತದೆ. ಮೊದಲು ಕೀಟನಾಶಕದ ಮೇಲೆ ಅನುಮಾನ ಹೋಯಿತು. ಆಮೇಲೆ ವಂಶಪಾರಂಪರ್ಯ ಎಂದು ಗೊತ್ತಾಯಿತು. ಅದಕ್ಕೇ ಚುಚ್ಚುವ ಮುಂಚೆ ನೋವಿನ ಮೂಲ ಹುಡುಕಬೇಕು.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಅಮೆರಿಕದಲ್ಲಿ ಈ ಮದ್ದಿಗೆ ಹುಬ್ಬಿನ ನಡುವಿನ ಸುಕ್ಕು ಅಳಿಸಲು ಅನುಮತಿ ಸಿಕ್ಕಿದ್ದು 2002ರಲ್ಲಿ. ಮಕ್ಕಳ ಕಾಲಿನ ಬಿಗಿತಕ್ಕೆ ಮೊದಲ ಅನುಮತಿ ಸಿಕ್ಕಿದ್ದು 2016ರಲ್ಲಿ. ಬಡವರ ಅಡುಗೆಮನೆಯ ಸಾವುಗಳಿಂದ ಕಲಿತ ವಿದ್ಯೆಗೆ ಈ ಮಕ್ಕಳ ಕಾಲಿಗಿಂತ ಉಳ್ಳವರ ಮುಖಕ್ಕೆ ಮೊದಲು ಅನುಮತಿ ಸಿಕ್ಕಿತು. ಇಲ್ಲಿಯೂ ಈ ಮದ್ದಿನ ಜನಪ್ರಿಯ ಹೆಸರಾದ ಬೊಟಾಕ್ಸ್ ಎಂದರೆ ಜನರಿಗೆ ನೆನಪಾಗುವುದು ಸಿನಿಮಾ ತಾರೆಯರೇ.

ಸಿರಿಗೆರೆಯಿಂದ ಚಿತ್ರದುರ್ಗಕ್ಕೂ ದಾವಣಗೆರೆಗೂ ಬಸ್ಸಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ. ಚುಚ್ಚುಮದ್ದು ಒಂದು ದಿನದ ಕೆಲಸ, ಹೇಗೋ ಹೋಗಿಬರಬಹುದು. ಆಮೇಲಿನ ಮೂರು ತಿಂಗಳು ದಿನವೂ ಕಾಲು ಅಗಲಿಸಿ, ನೀವಿ, ನಿಲ್ಲಿಸಿ ಅಭ್ಯಾಸ ಮಾಡಿಸದಿದ್ದರೆ ದುಬಾರಿ ಮದ್ದು ದಂಡ. ಕೂಲಿ ಬಿಟ್ಟು ದಿನವೂ ಪಟ್ಟಣಕ್ಕೆ ಓಡಾಡುವ ತಾಯಿ ಎಲ್ಲಿದ್ದಾಳೆ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬರುತ್ತವೆ. ಅವರು ಮಕ್ಕಳ ತೂಕ, ಹಲ್ಲು ನೋಡುವಾಗಲೇ ತೊಡೆ ಅಗಲಿಸಿಯೂ ನೋಡಲಿ. ಹೋಬಳಿ ಮಟ್ಟದ ಆಸ್ಪತ್ರೆಗೆ ವಾರಕ್ಕೊಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಬಂದು ತಾಯಂದಿರಿಗೆ ಕಲಿಸಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸೆರೆಬ್ರಲ್ ಪಾಲ್ಸಿಯನ್ನು ಹೆಸರಿಟ್ಟೇ ಸೇರಿಸಿಕೊಂಡಿದೆ. ಹಾಗಾಗಿ ಇದನ್ನು ಉಪಕಾರವೆಂದು ಬೇಡಬೇಕಿಲ್ಲ, ಹಕ್ಕೆಂದು ಕೇಳಬೇಕು.