ಒಂಟಿಮನೆಯ ಎಚ್ಚರ

ದಕ್ಷಿಣ ಕನ್ನಡ ಜಿಲ್ಲೆಯ ಆಗ್ನೇಯ ಮೂಲೆಯಲ್ಲಿ, ಸುಳ್ಯ ಪಟ್ಟಣಕ್ಕೆ ಅನತಿದೂರದಲ್ಲಿ, ಪಯಸ್ವಿನಿ ನದಿಯ ಆಚೆಯ ದಡದಲ್ಲಿ ಅಜ್ಜಾವರವೆಂಬ ಗ್ರಾಮವಿದೆ. ಗ್ರಾಮವೆಂದೊಡನೆ ಬಯಲುಸೀಮೆಯವರು ಮನೆಗೆ ಮನೆ ತಾಗಿದ ಓಣಿಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಇಲ್ಲಿ ಅಂತಹುದೇನೂ ಕಾಣದು. ಕಣಿವೆಗೊಂದು ಅಡಿಕೆಯ ತೋಟ, ತೋಟಕ್ಕೊಂದು ಮನೆ. ನೆರೆಮನೆಗೆ ಹೋಗಬೇಕಾದರೆ ಗುಡ್ಡವನ್ನು ಏರಿ ಇಳಿಯಬೇಕು, ಇಲ್ಲವೆ ತೋಡಿಗೆ ಅಡ್ಡಹಾಕಿದ ಸಂಕವನ್ನು ದಾಟಬೇಕು. ಹಿಂದಿನವರು ತುರ್ತು ಬಂದಾಗ ಎತ್ತರದಲ್ಲಿ ನಿಂತು ‘ಕೂ’ ಎಂದು ಕೂಗಿ ನೆರೆಯವರನ್ನು ಕರೆಯುತ್ತಿದ್ದರು. ಈಗ ಪ್ರತಿ ಮನೆಯಲ್ಲಿಯೂ ದೂರವಾಣಿ ಇದೆಯಾದರೂ, ಗಾಳಿಮಳೆಯ ರಾತ್ರಿ ವಿದ್ಯುತ್ತು ಹೋದೊಡನೆ ಅದು ಮೂಕವಾಗುವುದುಂಟು.

2023ರ ಏಪ್ರಿಲ್ ತಿಂಗಳಲ್ಲಿ ಇದೇ ಅಜ್ಜಾವರದ ತೋಟವೊಂದರ ಕೆರೆಗೆ ಮರಿಗಳೂ ಸೇರಿದಂತೆ ನಾಲ್ಕು ಕಾಡಾನೆಗಳು ಬಿದ್ದವು. ಅರಣ್ಯ ಇಲಾಖೆಯವರೂ ಊರವರೂ ಸೇರಿ ಕೆರೆಯ ದಂಡೆಯನ್ನು ಅಗೆದು ಇಳಿಜಾರು ದಾರಿ ಮಾಡಿಕೊಟ್ಟ ಮೇಲೆ ಅವು ಮೇಲಕ್ಕೆ ಬಂದವು. ಹೊರಗಿನ ನೆರವು ಬರುವವರೆಗೆ ಆನೆಗಳು ನೀರಿನಲ್ಲಿ ನಿಂತು ಕಾದವು. ಆದರೆ ಹಾವು ಕಡಿದ ಮನುಷ್ಯನು ಹಾಗೆ ಕಾಯುವುದು ಸಾಧ್ಯವೆ? ಒಂಟಿಮನೆಯಲ್ಲಿ ಆಪತ್ತು ಬಂದಾಗ ಮೊದಲ ಅರ್ಧ ಗಂಟೆಯ ಹೊಣೆ ಪೋಲೀಸರದೂ ಅಲ್ಲ, ವೈದ್ಯರದೂ ಅಲ್ಲ, ಮನೆಯವರದೇ ಆಗಿರುತ್ತದೆ. ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕೆಂಬುದನ್ನು ಆಗ ಕುಳಿತು ಯೋಚಿಸಲಾಗದು, ಮೊದಲೇ ತಿಳಿದಿರಬೇಕು. ಏನು ಮಾಡಬಾರದೆಂಬುದನ್ನು ತಿಳಿದಿರುವುದು ಅದಕ್ಕಿಂತಲೂ ಮುಖ್ಯ.

ಹಾವಿನ ಕಡಿತವನ್ನೇ ತೆಗೆದುಕೊಳ್ಳೋಣ. ಅಡಿಕೆ ಹೆಕ್ಕುವವರು, ಹುಲ್ಲು ಕೊಯ್ಯುವವರು, ಬೆಳಗಾಗುವ ಮುನ್ನವೇ ರಬ್ಬರಿನ ಹಾಲು ತೆಗೆಯಲು ಹೊರಡುವವರು ಇದಕ್ಕೆ ಹೆಚ್ಚಾಗಿ ಗುರಿಯಾಗುತ್ತಾರೆ. ಕಡಿತವಾದೊಡನೆ ಮೇಲ್ಭಾಗಕ್ಕೆ ಹಗ್ಗ ಬಿಗಿಯುವುದು, ಗಾಯವನ್ನು ಕೊಯ್ದು ರಕ್ತ ಹರಿಸುವುದು, ಬಾಯಿಯಿಂದ ವಿಷ ಹೀರುವುದು ಹಳೆಯ ರೂಢಿ. ಈ ಮೂರೂ ಹಾನಿಕರ. ಹಗ್ಗವನ್ನು ಬಿಗಿದರೆ ರಕ್ತಸಂಚಾರ ನಿಂತು ಅವಯವವೇ ಕೊಳೆಯಬಹುದು. ಬಿಚ್ಚಿದಾಗ ಕೂಡಿನಿಂತ ವಿಷವು ಒಮ್ಮೆಲೇ ದೇಹಕ್ಕೆ ನುಗ್ಗಬಹುದು. ಕೊಳಕುಮಂಡಲದ ವಿಷವು ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುವುದರಿಂದ, ಕೊಯ್ದ ಗಾಯದ ರಕ್ತಸ್ರಾವವು ನಿಲ್ಲದೆ ಹೋಗಬಹುದು. ಹಾಗಾದರೆ ಮಾಡತಕ್ಕದ್ದೇನು? ವಿಷವು ದೇಹದಲ್ಲಿ ಹರಡುವುದಕ್ಕೆ ಸ್ನಾಯುಗಳ ಚಲನೆಯೇ ನೆರವಾಗುವುದರಿಂದ, ಕಡಿತಕ್ಕೊಳಗಾದವನು ನಡೆಯಬಾರದು, ಓಡಲಂತೂ ಬಾರದು. ಬಳೆ ಉಂಗುರಗಳನ್ನು ಬಾವು ಏರುವ ಮುನ್ನವೇ ತೆಗೆದು, ಮೂಳೆ ಮುರಿದವರಿಗೆ ಕಟ್ಟುವಂತೆ ಆ ಕೈಗೋ ಕಾಲಿಗೋ ಪಟ್ಟಿ ಇಟ್ಟು ಹಗುರವಾಗಿ ಕಟ್ಟಿ, ಹೊತ್ತುಕೊಂಡು ವಾಹನ ಮುಟ್ಟಿಸಬೇಕು. ಕಡಿದ ವೇಳೆಯನ್ನು ಗುರುತಿಟ್ಟುಕೊಳ್ಳಬೇಕು. ಹಾವನ್ನು ಅಟ್ಟಿ ಕೊಲ್ಲಲು ಹೋಗಿ ಎರಡನೆಯವನೂ ಕಡಿಸಿಕೊಂಡರೆ ಫಲವೇನು?

ಆಸ್ಪತ್ರೆಯಲ್ಲಿ ವೈದ್ಯರು ಸ್ವಲ್ಪ ರಕ್ತವನ್ನು ಗಾಜಿನ ನಳಿಕೆಗೆ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು, ಅದು ಹೆಪ್ಪುಗಟ್ಟಿತೇ ಎಂದು ನೋಡುತ್ತಾರೆ. ಸರಳವಾದ ಈ ಪರೀಕ್ಷೆ ಎಷ್ಟೋ ಜೀವಗಳನ್ನು ಉಳಿಸಿದೆ. ಕುದುರೆಯ ರಕ್ತದಿಂದ ಸಿದ್ಧಪಡಿಸುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕು ಹಾವುಗಳ ವಿಷಕ್ಕೆ ಮದ್ದು. ಪಶ್ಚಿಮಘಟ್ಟದ ತೋಟಗಳಲ್ಲಿರುವ ಗೂನುಮೂಗಿನ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಅಂಥವರಿಗೆ ಬೇರೆ ಬಗೆಯ ಆರೈಕೆ ಬೇಕಾಗುತ್ತದೆ. ಕಟ್ಟುಹಾವಿನದು ವಿಚಿತ್ರ. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿದರೆ ನೋವೂ ಇಲ್ಲ, ಬಾವೂ ಇಲ್ಲ. ಬೆಳಗ್ಗೆ ಹೊಟ್ಟೆನೋವೆಂದು ಎದ್ದವನ ರೆಪ್ಪೆಗಳು ಜೋಲತೊಡಗಿದಾಗಲೇ ಸಂಶಯ ಹುಟ್ಟುತ್ತದೆ. ಅಂಚನ್ನು ಚಾಪೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆಯೊಂದು ಸೊಳ್ಳೆಯ ಜೊತೆಗೆ ಈ ಹಾವನ್ನೂ ತಡೆಯುತ್ತದೆಂಬುದನ್ನು ಹಲವರು ಅರಿಯರು.

ನಾಟಿ ಔಷಧದಿಂದಲೇ ಗುಣವಾದವರಿದ್ದಾರಲ್ಲ ಎಂದು ಕೇಳುವವರುಂಟು. ಕಡಿಯುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು; ವಿಷದ ಹಾವೂ ಕೆಲವೊಮ್ಮೆ ವಿಷವುಗುಳದೆ ಬರಿದೆ ಕಡಿಯುತ್ತದೆ. ಅವರು ಏನನ್ನೂ ಕುಡಿಯದಿದ್ದರೂ ಬದುಕುತ್ತಿದ್ದರು. ನಿಜವಾಗಿ ವಿಷವೇರಿದವನಿಗಾದರೋ ಆ ಹೊತ್ತಿನ ವಿಳಂಬವೇ ಮೃತ್ಯು. 2024ರಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ವಿಧಿಸಿತು.

ಸಿಡಿಲಿನ ವಿಷಯದಲ್ಲಿ ಸ್ವಲ್ಪ ಲೆಕ್ಕ ಬಂದರೆ ಸಾಕು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಕಿಲೋಮೀಟರಿನಲ್ಲಿ ದೊರೆಯುತ್ತದೆ. ಎಣಿಕೆ 30ನ್ನು ಮುಟ್ಟುವ ಮೊದಲೇ ಗುಡುಗಿದರೆ ತೋಟದ ಕೆಲಸ ಬಿಟ್ಟು ಮನೆ ಸೇರಬೇಕು, ಮರದಡಿಯಲ್ಲಿ ನಿಲ್ಲಬಾರದು. ಇನ್ನು ಅಡಿಕೆ, ತೆಂಗು ಕೊಯ್ಯುವ ಉದ್ದನೆಯ ಅಲ್ಯೂಮಿನಿಯಮ್ ದೋಟಿ ವಿದ್ಯುತ್ ತಂತಿಗೆ ತಾಗಿ ಈ ಸೀಮೆಯಲ್ಲಿ ಅನೇಕರು ಪ್ರಾಣ ಕಳೆದುಕೊಂಡಿದ್ದಾರೆ. ಹೊಸದಾಗಿ ಬಂದ ಕಾರ್ಬನ್ ದೋಟಿ ಲೋಹವಲ್ಲವೆಂದು ನಂಬುವುದೂ ಸರಿಯಲ್ಲ. ಅದರಲ್ಲಿಯೂ ವಿದ್ಯುತ್ತು ಹರಿಯುತ್ತದೆ. ತಂತಿಗೆ ಸಿಕ್ಕಿಬಿದ್ದವನನ್ನು ಬರಿಗೈಯಿಂದ ಎಳೆಯಹೋದವನೂ ಅವನ ಜೊತೆಗೇ ಬೀಳುವನು.

2018ರ ಆಗಸ್ಟ್ ತಿಂಗಳಲ್ಲಿ ಸಂಪಾಜೆ ಘಟ್ಟದ ಜೋಡುಪಾಲದಲ್ಲಿ ಗುಡ್ಡಗಳು ಜರಿದು ರಸ್ತೆಯೂ ಮನೆಗಳೂ ಕೊಚ್ಚಿಹೋದವು. ಸಂತ್ರಸ್ತರು ಸಂಪಾಜೆ, ಅರಂತೋಡುಗಳ ಪರಿಹಾರ ಕೇಂದ್ರಗಳಿಗೆ ಬಂದು ಸೇರಿದರು. ಗುಡ್ಡ ಜರಿಯುವುದು ಕ್ಷಣಮಾತ್ರದಲ್ಲಾದರೂ ಅದರ ಸೂಚನೆಗಳು ಎಷ್ಟೋ ಸಲ ಮೊದಲೇ ತೋರುತ್ತವೆ: ಮನೆಯ ಹಿಂದಿನ ದರೆಯಲ್ಲಿ ಬಿರುಕು, ನೆಟ್ಟಗಿದ್ದ ಮರದ ಓಲಾಟ, ತಿಳಿಯಾಗಿದ್ದ ಒರತೆಯಲ್ಲಿ ಒಮ್ಮೆಲೇ ಕೆಸರು. ಮಳೆ ಸುರಿಯುತ್ತಿರುವಾಗಲೇ ತೋಡಿನ ನೀರು ಇದ್ದಕ್ಕಿದ್ದಂತೆ ತಗ್ಗಿದರೆ ಮೇಲೆಲ್ಲೋ ಮಣ್ಣು ಅಡ್ಡಬಿದ್ದಿದೆಯೆಂದು ತಿಳಿದು ಕೂಡಲೇ ಹೊರಬೀಳಬೇಕು. ದನಗಳ ಹಗ್ಗ ಬಿಚ್ಚಲು ಒಂದು ನಿಮಿಷ ಸಾಕು. ಪೆಟ್ಟಿಗೆಯೊಳಗಿನ ಕಾಗದಪತ್ರಗಳನ್ನು ಹುಡುಕಲು ಸಾಲದು. ಆದುದರಿಂದ ಅವುಗಳನ್ನು ಮಳೆಗಾಲಕ್ಕೆ ಮುನ್ನವೇ ನೀರು ತಾಗದ ಚೀಲದಲ್ಲಿ ಕಟ್ಟಿ ಬಾಗಿಲ ಬಳಿ ತೂಗಹಾಕುವುದುಂಟು.

108ಕ್ಕೆ ಕರೆಮಾಡಿದರೆ ರೋಗಿವಾಹನವೂ, 112ಕ್ಕೆ ಕರೆಮಾಡಿದರೆ ಪೋಲೀಸರ ನೆರವೂ ದೊರೆಯುತ್ತದೆ. ಆದರೆ ವಾಹನವು ತೋಟದೊಳಗಿನ ಮನೆಯನ್ನು ಹುಡುಕುವುದೆಂತು? ಡಾಂಬರು ರಸ್ತೆಯಿಂದ ಯಾವ ತಿರುವು, ಯಾವ ಸೇತುವೆ, ನೆರೆ ಬಂದಾಗ ಯಾವ ದಾರಿ ಮುಳುಗುತ್ತದೆ, ಯಾರ ಮನೆಯ ಜೀಪು ರಾತ್ರಿಯೂ ಸಿಕ್ಕೀತು, ಇವನ್ನು ಮನೆಯ ಕಿರಿಯ ಮಗುವೂ ತಡವರಿಸದೆ ಹೇಳುವಂತಿರಬೇಕು. ಟಾರ್ಚು ಯಾವ ಮೊಳೆಯಲ್ಲಿದೆ ಎಂಬುದು ಕತ್ತಲೆಯಲ್ಲಿ ಕೈಗೇ ಗೊತ್ತಿರಬೇಕು. ಜೂನ್ ಮೊದಲ ಮಳೆ ಬೀಳುವ ಮುನ್ನ, ಒಣಗಿದ ಸೌದೆಯನ್ನು ಕೊಟ್ಟಿಗೆಗೆ ಸೇರಿಸುವ ದಿನವೇ, ಈ ಮಾತನ್ನೂ ಒಮ್ಮೆ ಎಲ್ಲರೂ ಕುಳಿತು ಆಡಿಕೊಂಡರೆ ಆಯಿತು. ಅದಕ್ಕೆ ಅರ್ಧ ಗಂಟೆಯೂ ಹಿಡಿಯದು.