ಬೇಂಟೆಗಾರರು ಕಂಡ ಎರಲೆಯ ಆಯುಸ್ಸು

ಪ್ರಾಣಿಗಳ ಆಯುಃಪ್ರಮಾಣವನ್ನು ಕುರಿತ ಜಿಜ್ಞಾಸೆಯು ಬಹು ಪ್ರಾಚೀನವಾದುದು. ಮನೆಯಲ್ಲಿ ಹುಟ್ಟಿ ಮನೆಯಲ್ಲಿಯೇ ಮುದಿಯಾಗುವ ಹಸು, ಕುದುರೆ, ನಾಯಿಗಳ ವಿಷಯದಲ್ಲಿ ಉತ್ತರವು ಸುಲಭ. ಹುಟ್ಟಿದ ವರ್ಷವನ್ನು ಬಲ್ಲವರು ಸತ್ತ ವರ್ಷವನ್ನೂ ಬಲ್ಲರು. ಕಾಡಿನ ಮೃಗದ ವಿಷಯವು ಹಾಗಲ್ಲ. ಅದರ ಜನನವನ್ನು ಕಂಡವರಿಲ್ಲ; ಮರಣವನ್ನು ಕಂಡವನು ಪ್ರಾಯಶಃ ಬೇಂಟೆಗಾರನೊಬ್ಬನೇ. ಆದಕಾರಣ ಎರಲೆಯು ಎಷ್ಟು ವರ್ಷ ಬದುಕುವುದೆಂಬ ಪ್ರಶ್ನೆಗೆ ಪೂರ್ವಕಾಲದಲ್ಲಿ ಸಾಕ್ಷಿಯಾಗಿದ್ದವನು ಅವನೇ. ಆ ಸಾಕ್ಷ್ಯವು ಎಷ್ಟರಮಟ್ಟಿಗೆ ಪ್ರಮಾಣ, ಅದರಿಂದ ಕಾವ್ಯಗಳಲ್ಲಿ ಬರುವ ಮೃಗವಾಚಕ ಶಬ್ದಗಳಿಗೆ ಯಾವ ಬೆಳಕು ದೊರೆಯುವುದು ಎಂಬುದು ವಿಚಾರಾರ್ಹವಾಗಿದೆ.

ಈ ವಿಚಾರಕ್ಕೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಸೀಮೆಯು ತಕ್ಕ ಕ್ಷೇತ್ರವಾಗಿದೆ. ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮಭಾಗವಾದ ಈ ಪ್ರದೇಶವು ೧೮೦೦ರಲ್ಲಿ ಕಂಪನಿ ಸರ್ಕಾರದ ವಶಕ್ಕೆ ಬಂದು, ೧೯೫೩ರಲ್ಲಿ ಮೈಸೂರು ರಾಜ್ಯವನ್ನು ಕೂಡಿ, ೨೦೨೧ರಿಂದ ವಿಜಯನಗರ ಜಿಲ್ಲೆಗೆ ಒಳಪಟ್ಟಿದೆ. ಹಡಗಲಿ ಹರಪನಹಳ್ಳಿಗಳ ಪಶ್ಚಿಮದ ಎಲ್ಲೆಯಲ್ಲಿ ತುಂಗಭದ್ರೆಯು ಹರಿಯುತ್ತಾಳೆ. ಹೊಳೆಯ ಬದಿಗೆ ಎರೆಯ ಬಯಲು. ಕೂಡ್ಲಿಗಿಯ ಕಡೆಗೆ ಮಸಾರಿಯ ನೆಲ, ಬಂಡೆಯ ಗುಡ್ಡ, ಕುರುಚಲು ಕಾಡು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳಲ್ಲಿ ಆಳಿದ ಪಾಳೆಯಗಾರರು ಬೇಡ ನಾಯಕರ ವಂಶದವರು. ಮೃಗಯೆಯು ಈ ಸೀಮೆಯಲ್ಲಿ ಅರಸರ ವಿನೋದವೂ ಹೌದು, ಜನರ ವೃತ್ತಿಯೂ ಹೌದು, ಬೆಳೆಯನ್ನು ಕಾಯುವ ಉಪಾಯವೂ ಹೌದು. ನೆರೆಯ ರಾಣೆಬೆನ್ನೂರಿನಲ್ಲಿ ೧೯೭೪ರಲ್ಲಿ ಕೃಷ್ಣಮೃಗಗಳಿಗಾಗಿಯೂ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ೨೦೧೧ರಲ್ಲಿ ನಾಲ್ಕು ಕೋಡಿನ ಕೊಂಡುಕುರಿಗಾಗಿಯೂ ರಕ್ಷಿತ ವನಗಳು ಏರ್ಪಟ್ಟಿರುವುದರಿಂದ, ಈ ಸುತ್ತಿನ ಬಯಲುಗಳು ಯಾವ ಮೃಗಗಳ ನೆಲೆಯೆಂಬುದು ವ್ಯಕ್ತವಾಗುತ್ತದೆ.

ಆಯುರ್ವಿಚಾರಕ್ಕೆ ಮೊದಲು ಒಂದು ಭೇದವನ್ನು ಅರಿಯುವುದು ಅವಶ್ಯ. ಲೋಕದಲ್ಲಿ ಜಿಂಕೆಯೆಂಬ ಒಂದೇ ಮಾತು ಎರಡು ಬೇರೆ ಕುಲಗಳಿಗೆ ಸಲ್ಲುತ್ತದೆ. ಕಡವೆ, ಚುಕ್ಕೆಯ ದುಪ್ಪಿ ಇವು ಒಂದು ಕುಲ. ಇವುಗಳಲ್ಲಿ ಗಂಡಿಗೆ ಮಾತ್ರ ಕವಲೊಡೆದ ಕೊಂಬುಂಟು, ಅದು ಎಲುಬಿನದು, ಕಾಲಕಾಲಕ್ಕೆ ಉದುರಿ ಮತ್ತೆ ಮೂಡುವುದು. ಎರಲೆ, ಹುಲ್ಲೆ, ಚಿಗರೆ ಎನಿಸಿಕೊಳ್ಳುವ ಕೃಷ್ಣಮೃಗವು ಮತ್ತೊಂದು ಕುಲ. ಇದು ಆಡು ಹಸುಗಳ ಬಳಗಕ್ಕೆ ಸೇರಿದುದು. ಇದರ ಕೋಡಿನಲ್ಲಿ ಕವಲಿಲ್ಲ. ಒಳಗಿನ ಎಲುಬಿನ ಮೇಲೆ ಗೊರಸಿನ ಜಾತಿಯ ಹೊದಿಕೆ. ಅದು ಒಮ್ಮೆ ಮೂಡಿದರೆ ಸಾಯುವವರೆಗೂ ಉದುರುವುದಿಲ್ಲ. ತಮಿಳಿನ ಇರಲೈ ಶಬ್ದವು ಎರಲೆಗೂ, ತೆಲುಗಿನ ಜಿಂಕ, ದುಪ್ಪಿಗಳು ಜಿಂಕೆ, ದುಪ್ಪಿಗಳಿಗೂ ಸಂವಾದಿಯಾಗಿವೆ. ನಿಘಂಟುಗಳು ಇವೆಲ್ಲಕ್ಕೂ ‘ಒಂದು ಬಗೆಯ ಮೃಗ’ ಎಂದು ಅರ್ಥ ಹೇಳಿ ಬಿಟ್ಟರೆ, ಬೇಂಟೆಗಾರನಿಗೆ ಅತ್ಯಂತ ಮುಖ್ಯವಾದ ಈ ಭೇದವೇ ಮರೆಯಾಗುತ್ತದೆ. ಕೋಡನ್ನು ನೋಡಿ ವಯಸ್ಸನ್ನು ಹೇಳುವ ಕ್ರಮವು ಒಂದು ಕುಲಕ್ಕೆ ಒಪ್ಪಿದಂತೆ ಮತ್ತೊಂದಕ್ಕೆ ಒಪ್ಪುವುದಿಲ್ಲ.

ಇನ್ನು ಶಾಸ್ತ್ರಗಳ ಮತ. ವರಾಹಮಿಹಿರನು ಬೃಹಜ್ಜಾತಕದ ಆಯುರ್ದಾಯಾಧ್ಯಾಯದಲ್ಲಿ ಪರಮಾಯುಸ್ಸನ್ನು ನಿರ್ದೇಶಿಸಿರುವನು: ಮನುಷ್ಯರಿಗೂ ಆನೆಗೂ ೧೨೦ ವರ್ಷ ೫ ದಿನ, ಕುದುರೆಗೆ ೩೨, ಕತ್ತೆ ಒಂಟೆಗಳಿಗೆ ೨೫, ಎತ್ತು ಎಮ್ಮೆಗಳಿಗೆ ೨೪, ನಾಯಿಗೆ ೧೨, ಆಡು ಮೊದಲಾದವುಗಳಿಗೆ ೧೬. ಎರಲೆಯ ಹೆಸರನ್ನು ಅಲ್ಲಿ ಎತ್ತಿಲ್ಲ. ಆಡಿನ ಬಳಗವೆಂದು ‘ಮೊದಲಾದ’ ಎಂಬಲ್ಲಿ ಅದನ್ನು ಸೇರಿಸಿಕೊಂಡರೆ ೧೬ ವರ್ಷವಾಗುತ್ತದೆ; ಈಗಿನ ಪ್ರಾಣಿಶಾಸ್ತ್ರಜ್ಞರ ಎಣಿಕೆಗೆ ಇದು ಬಹು ಸಮೀಪ. ಆದರೆ ಆನೆಗೆ ೧೨೦ ವರ್ಷವೆಂಬುದು ಅನುಭವಕ್ಕೆ ವಿರುದ್ಧವಾಗಿರುವುದರಿಂದ, ಒಂದೆಡೆ ಲೆಕ್ಕ ಕೂಡಿಬಂದ ಮಾತ್ರಕ್ಕೆ ಪಟ್ಟಿಯನ್ನೆಲ್ಲ ಪರೀಕ್ಷಾಸಿದ್ಧವೆಂದು ಗ್ರಹಿಸಲಾಗದು.

ಯವನ ರೋಮಕ ದೇಶಗಳಲ್ಲಿ ಕಡವೆಯ ಜಾತಿಯ ಮೃಗವು ಅತಿದೀರ್ಘಾಯುವೆಂಬ ಪ್ರತೀತಿಯಿತ್ತು. ಅಲೆಕ್ಸಾಂಡರನು ಕೊರಳಿಗೆ ಚಿನ್ನದ ಪಟ್ಟಿಯನ್ನು ಕಟ್ಟಿಸಿದ ಮೃಗಗಳು ನೂರು ವರ್ಷಗಳ ಮೇಲೆ ಸಿಕ್ಕವೆಂಬ ಕಥೆಯನ್ನು ಪ್ಲಿನಿಯು ಬರೆದಿಟ್ಟಿರುವನು. ಅವನಿಗಿಂತ ಬಹು ಹಿಂದಿನವನಾದ ಅರಿಸ್ಟಾಟಲನು ಇಂತಹ ಮಾತುಗಳನ್ನು ನಂಬಲಿಲ್ಲ. ಗರ್ಭವನ್ನು ಹೊರುವ ಕಾಲವೂ ಮರಿಯು ಬೆಳೆಯುವ ಕಾಲವೂ ದೀರ್ಘವಾಗಿಲ್ಲದಿರುವಾಗ ಆಯುಸ್ಸು ಮಾತ್ರ ದೀರ್ಘವೆಂಬುದಕ್ಕೆ ಆಧಾರವಿಲ್ಲವೆಂಬುದು ಅವನ ಯುಕ್ತಿ. ಈ ಯುಕ್ತಿಯು ಕೃಷ್ಣಮೃಗಕ್ಕೂ ಸಲ್ಲುತ್ತದೆ. ಅದರ ಗರ್ಭಕಾಲವು ಆರು ತಿಂಗಳೊಳಗಿನದು. ಎರಡು ವರ್ಷದ ಹೆಣ್ಣು ತಾಯಿಯಾಗಬಲ್ಲುದು.

ಈಗ ಬೇಂಟೆಗಾರನ ಸಾಕ್ಷ್ಯವನ್ನು ಪರೀಕ್ಷಿಸಬೇಕು. ಅವನಿಗೆ ದೊರೆಯುವ ಲಕ್ಷಣಗಳು ಮೂರು: ಬಣ್ಣ, ಕೋಡು, ಹಲ್ಲು.

(೧) ಬಣ್ಣ. ಎರಲೆಯ ಮರಿಯೂ ಹೆಣ್ಣೂ ಕಂದು ಹಳದಿಯ ಬಣ್ಣದವು. ಗಂಡು ಮಾತ್ರ ಬಲಿತಂತೆ ಕಪ್ಪಾಗುತ್ತ ಬಂದು, ಮೂರನೆಯ ವರ್ಷದ ಸುಮಾರಿಗೆ ಕೃಷ್ಣಸಾರವೆಂಬ ಹೆಸರಿಗೆ ತಕ್ಕುದಾಗುತ್ತದೆ. ಆದರೆ ಬೇಸಿಗೆಯಲ್ಲಿ ಕೂದಲುದುರಿದಾಗ ಆ ಕಪ್ಪು ಮಾಸುವುದು. ದಕ್ಷಿಣದೇಶದ ಅನೇಕ ಗಂಡುಗಳು ಎಂದಿಗೂ ಅಚ್ಚಕಪ್ಪಾಗದೆ ಕಡುಗಂದಾಗಿಯೇ ಉಳಿಯುವುವು. ಆದ್ದರಿಂದ ಬಣ್ಣವು ಪ್ರಾಯ ಬಂದಿತೆಂಬುದನ್ನು ತಿಳಿಸುವುದೇ ಹೊರತು ಪ್ರಾಯ ಕಳೆದು ಎಷ್ಟು ವರ್ಷವಾಯಿತೆಂಬುದನ್ನು ತಿಳಿಸಲಾರದು.

(೨) ಕೋಡು. ಮೊದಲ ವರ್ಷದ ಕೋಡಿನಲ್ಲಿ ತಿರುಪು ಇಲ್ಲ. ಎರಡನೆಯ ವರ್ಷದಲ್ಲಿ ಸಡಿಲವಾದ ಸುತ್ತು ತೋರುವುದು. ಅನಂತರ ಸುತ್ತುಗಳು ಕ್ರಮವಾಗಿ ತುಂಬುವುವು. ಕೋಡು ಪೂರ್ಣವಾಗಿ ಬೆಳೆದ ಮೇಲೆ ಆರು ವರ್ಷದ ಗಂಡಿಗೂ ಹನ್ನೆರಡು ವರ್ಷದ ಗಂಡಿಗೂ ಕೋಡಿನಿಂದ ಭೇದವನ್ನು ಹೇಳುವುದು ಅಶಕ್ಯ. ಕೋಡಿನ ಮೇಲಣ ಬಳೆಗಳು ವರ್ಷಗಳ ಸಂಖ್ಯೆಯಲ್ಲ. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುವ ಹಿಮಪರ್ವತದ ಕಾಡುಕುರಿಗಳಲ್ಲಿ ವರ್ಷಕ್ಕೊಂದು ಗೆರೆ ಬೀಳುವುದುಂಟು, ಬಯಲುಸೀಮೆಯ ಎರಲೆಯಲ್ಲಿ ಅಂತಹ ನಿಯಮವಿಲ್ಲ. ಕಡವೆ ದುಪ್ಪಿಗಳ ಕವಲುಗಳನ್ನು ಎಣಿಸಿ ವಯಸ್ಸು ಹೇಳುವುದೂ ಹಾಗೆಯೇ. ಪ್ರಾಯಕ್ಕೆ ಬಂದ ಗಂಡಿನಲ್ಲಿ ಸಾಧಾರಣವಾಗಿ ಬದಿಗೆ ಮೂರು ಮೊನೆಗಳು ಆದ ಮೇಲೆ, ಪ್ರತಿಸಾರಿ ಉದುರಿ ಮೂಡುವಾಗಲೂ ಮೂರೇ ಆಗುವುವು.

(೩) ಹಲ್ಲು. ಕುರಿ ದನಗಳನ್ನು ಸಾಕುವವರಿಗೆ ಈ ಪರೀಕ್ಷೆ ಚೆನ್ನಾಗಿ ಗೊತ್ತು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದುದು ಎಂಬ ಮಾತುಗಳು ಸಂತೆಯಲ್ಲಿ ಇಂದಿಗೂ ನಡೆಯುವುವು. ಎರಲೆಯ ಬಾಯಿಯೂ ಇದೇ ರಚನೆಯದು: ಮೇಲೆ ಮುಂಬಲ್ಲಿಲ್ಲ, ಕೆಳಗೆ ಎಂಟು. ಬಾಯಿಗೂಡುವವರೆಗೆ ಹಲ್ಲು ವರ್ಷವನ್ನೇ ತಿಳಿಸುವುದು. ಅನಂತರ ಸವೆತವನ್ನು ಮಾತ್ರ ತೋರುವುದು. ಸವೆತವು ಮೇವನ್ನೂ, ಮೇವಿನೊಡನೆ ಬಾಯಿಗೆ ಸೇರುವ ಮಣ್ಣು ಮರಳನ್ನೂ ಅವಲಂಬಿಸಿರುವುದರಿಂದ, ಒಂದು ನೆಲದ ಮೃಗಕ್ಕೆ ಕಟ್ಟಿದ ಲೆಕ್ಕವನ್ನು ಮತ್ತೊಂದು ನೆಲದ ಮೃಗಕ್ಕೆ ಹಾಗೆಯೇ ಅನ್ವಯಿಸಲು ಬಾರದು.

ಇವುಗಳಿಂದ ಫಲಿಸುವುದೇನೆಂದರೆ, ಬೇಂಟೆಗಾರನು ಕಂಡುದು ಅವಸ್ಥೆಯನ್ನು, ವರ್ಷಗಳನ್ನಲ್ಲ. ಮರಿ, ಎಳೆಯದು, ಬಲಿತುದು, ಮುದಿಯಾದುದು ಎಂಬ ವಿಭಾಗದಲ್ಲಿ ಅವನ ಕಣ್ಣು ತಪ್ಪುವುದು ವಿರಳ. ಮುದಿಯಾದುದಕ್ಕೆ ಎಷ್ಟು ವರ್ಷವೆಂದರೆ ಅವನ ಉತ್ತರವು ಊಹೆಯೇ ಸರಿ. ಸೀಮೆಯಿಂದ ಬಂದ ದೊರೆಗಳ ಬೇಂಟೆಯಲ್ಲಿಯೂ ಇದೇ ನ್ಯಾಯ. ಲಂಡನ್ನಿನಲ್ಲಿ ರೋಲೆಂಡ್ ವಾರ್ಡನು ೧೮೯೨ರಿಂದ ಪ್ರಕಟಿಸತೊಡಗಿದ ಬೇಂಟೆಯ ದಾಖಲೆಗಳಲ್ಲಿ ಮೃಗಗಳಿಗೆ ಸ್ಥಾನವು ದೊರೆಯುವುದು ಕೋಡಿನ ಅಳತೆಯಿಂದ, ವಯಸ್ಸಿನಿಂದಲ್ಲ. ಅಲ್ಲದೆ ಮತ್ತೊಂದು ದೋಷವುಂಟು. ಕರಿಯ ಮೈಯ, ನೀಳವಾದ ಕೋಡಿನ ಗಂಡನ್ನೇ ಆರಿಸಿ ಹೊಡೆಯುತ್ತಿದ್ದುದರಿಂದ, ಅದು ಇನ್ನೆಷ್ಟು ಕಾಲ ಬದುಕುತ್ತಿತ್ತೆಂಬುದನ್ನು ಅರಿಯುವ ಅವಕಾಶವನ್ನು ಬೇಂಟೆಯೇ ಕಳೆಯಿತು. ಹೆಣ್ಣಿನ ವಯಸ್ಸನ್ನಂತೂ ಕೇಳುವವರೇ ಇರಲಿಲ್ಲ.

ಹೀಗಿದ್ದರೂ ಹುಟ್ಟು ಸಾವು ಎರಡನ್ನೂ ಬೇಂಟೆಗಾರನು ಬಲ್ಲ ಮೃಗವೊಂದಿತ್ತು. ಅದು ದೀವದ ಮೃಗ. ತನ್ನ ಜಾತಿಯ ಮೃಗಗಳನ್ನು ಸೆಳೆದು ತರುವುದಕ್ಕಾಗಿ ಪಳಗಿಸಿದ ಎರಲೆಗೆ ಕನ್ನಡದಲ್ಲಿ ದೀವವೆಂದು ಹೆಸರು. ಪಳಗಿದ ಗಂಡಿನ ಕೋಡಿಗೆ ಬಲೆಯನ್ನು ಕಟ್ಟಿ, ಕಾದಲು ಬಂದ ಕಾಡುಗಂಡನ್ನು ಸಿಕ್ಕಿಸುವ ಕ್ರಮವನ್ನು ಅಕ್ಬರನ ಕಾಲದ ಐನ್-ಎ-ಅಕ್ಬರಿಯೂ ವರ್ಣಿಸುತ್ತದೆ. ಮರಿಯಿಂದ ಸಾಕಿದ ದೀವವು ಎಷ್ಟು ವರ್ಷ ಕೆಲಸಕ್ಕೆ ಬಂದಿತೆಂಬುದು ಸಾಕಿದವನಿಗೆ ತಿಳಿದೇ ಇರಬೇಕು. ಎರಲೆಯ ಆಯುಸ್ಸನ್ನು ಕುರಿತ ನಿಜವಾದ ಜ್ಞಾನವು ಬೇಂಟೆಯ ಬಯಲಿನಲ್ಲಿ ಅಲ್ಲ, ಬೇಂಟೆಗಾರನ ಹಟ್ಟಿಯಲ್ಲಿ ಹುಟ್ಟತಕ್ಕುದಾಗಿತ್ತು.

ಆಧುನಿಕರ ಮಾರ್ಗವೂ ತತ್ತ್ವತಃ ಇದೇ. ಸ್ಕಾಟ್ಲೆಂಡಿನ ರಮ್ ದ್ವೀಪದಲ್ಲಿ ೧೯೫೩ರಿಂದ ಕೆಂಪುಕಡವೆಗಳ ಪರಿಶೀಲನೆ ನಡೆದಿದೆ; ಅಲ್ಲಿ ಒಂದೊಂದು ಮೃಗವನ್ನೂ ಮರಿಯಿಂದ ಗುರುತಿಟ್ಟು ಸಾಯುವವರೆಗೆ ಅನುಸರಿಸುವರು. ಹೆಣ್ಣುಗಳು ಗಂಡುಗಳಿಗಿಂತ ದೀರ್ಘಾಯುಗಳೆಂಬುದೂ, ಮದಕಾಲದ ಕಾದಾಟ ಮತ್ತು ಉಪವಾಸಗಳು ಗಂಡುಗಳನ್ನು ಬೇಗನೆ ಕುಗ್ಗಿಸುವುವೆಂಬುದೂ ಇದರಿಂದ ಸ್ಥಿರಪಟ್ಟಿತು. ಹಲ್ಲಿನ ಬೇರನ್ನು ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ವರ್ಷವರ್ಷದ ಪದರಗಳನ್ನು ಎಣಿಸುವ ವಿಧಾನವೂ ೧೯೬೦ರ ದಶಕದಿಂದ ಈ ಜಾತಿಯ ಮೃಗಗಳಲ್ಲಿ ಬಳಕೆಗೆ ಬಂದಿದೆ. ಕೃಷ್ಣಮೃಗವು ಕಾಡಿನಲ್ಲಿ ಸಾಮಾನ್ಯವಾಗಿ ೧೦ರಿಂದ ೧೫ ವರ್ಷ ಬದುಕಬಲ್ಲುದೆಂದೂ, ಸಾಕಿದ ಕಡೆ ಅದಕ್ಕೆ ಮೀರಿ ಬದುಕುವುದುಂಟೆಂದೂ, ಕಡವೆ ದುಪ್ಪಿಗಳು ಮೃಗಾಲಯಗಳಲ್ಲಿ ೨೦ ವರ್ಷವನ್ನು ದಾಟಿರುವುವೆಂದೂ ಈಗ ತಿಳಿದಿದೆ.

ಇಲ್ಲಿ ಪರಮಾಯುಸ್ಸು ಬೇರೆ, ಪ್ರಾಪ್ತಾಯುಸ್ಸು ಬೇರೆ ಎಂಬುದನ್ನು ಮರೆಯಬಾರದು. ಹುಟ್ಟಿದ ಮರಿಗಳಲ್ಲಿ ಬಹುಭಾಗವು ಮೊದಲ ವರ್ಷದಲ್ಲಿಯೇ ತೋಳ, ನರಿ, ನಾಯಿಗಳಿಗೆ ತುತ್ತಾಗುವುದು. ಉಳಿದುದಕ್ಕೆ ಮಳೆ ತಪ್ಪಿದ ವರ್ಷಗಳು ಶತ್ರು. ಹಲ್ಲು ಸವೆದ ಮುದಿಮೃಗವು ಹಸಿಹುಲ್ಲಿರುವವರೆಗೆ ಹೇಗೋ ಬದುಕಿ, ಬರಗಾಲದ ಒಣಮೇವನ್ನು ಅಗಿಯಲಾರದೆ ಸೊರಗುವುದು. ಪದೇಪದೇ ಬರಕ್ಕೆ ತುತ್ತಾಗುವ ಈ ಐದು ತಾಲ್ಲೂಕುಗಳಲ್ಲಿ ಹದಿನೈದನೆಯ ವರ್ಷವನ್ನು ಕಾಣುವ ಎರಲೆಯು ಸಾವಿರದಲ್ಲೊಂದರಂತೆ ಅಪೂರ್ವವೆಂದರೆ ಅತಿಶಯೋಕ್ತಿಯಾಗಲಾರದು.

ಸಾಹಿತ್ಯಾಧ್ಯಾಪಕರಿಗೆ ಇದರಿಂದ ಪ್ರಯೋಜನವುಂಟು. ಕೃಷ್ಣಸಾರವೆಂಬ ಶಬ್ದವು ಜಾತಿವಾಚಕವಾಗಿರುವಂತೆ ವ್ಯುತ್ಪತ್ತಿಯಿಂದ ಅವಸ್ಥಾವಾಚಕವೂ ಆಗಿದೆ. ಆ ಬಣ್ಣವು ಬಲಿತ ಗಂಡಿಗೆ ಮಾತ್ರ ಸಲ್ಲುವುದು. ಶಾಕುಂತಲದ ಮೊದಲಲ್ಲಿ ದುಷ್ಯಂತನ ರಥವು ಬೆನ್ನಟ್ಟಿದುದು ಕೃಷ್ಣಸಾರವನ್ನೆಂದ ಮೇಲೆ, ಅದನ್ನು ಎಳೆಯ ಮರಿಯೆಂದು ಚಿತ್ರಿಸಿ ಪಾಠ ಹೇಳುವುದು ಯುಕ್ತವಲ್ಲ. ಬೇಂಟೆಗಾರನು ಆರಿಸುವ ಮೃಗವನ್ನೇ ಕವಿಯು ಆರಿಸಿರುವನು. ಹಾಗೆಯೇ ರಾಘವಾಂಕನ ಹರಿಶ್ಚಂದ್ರಕಾವ್ಯದ ಬೇಂಟೆಯ ಭಾಗವನ್ನು ಬೋಧಿಸುವಾಗ, ಮೃಗಗಳ ಹೆಸರುಗಳನ್ನು ಪರ್ಯಾಯಪದಗಳ ಸಾಲೆಂದು ಬಗೆಯದೆ, ಕುಲ, ಲಿಂಗ, ವಯಸ್ಸುಗಳ ಭೇದವು ಎಲ್ಲೆಲ್ಲಿ ಅಡಗಿದೆಯೆಂದು ಶೋಧಿಸಬೇಕು.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಎರಲೆಯ ಬೇಂಟೆಯು ಶಿಕ್ಷಾರ್ಹ ಅಪರಾಧವಾಗಿದೆ, ಅದು ಉಚಿತವೇ. ಆದರೆ ಬೇಂಟೆಯು ನಿಂತಂತೆ ಬೇಂಟೆಯ ನುಡಿಯೂ ನಿಲ್ಲುತ್ತಿದೆ. ಮೃಗದ ಒಂದೊಂದು ಪ್ರಾಯಕ್ಕೆ, ಕೋಡಿನ ಒಂದೊಂದು ಸುತ್ತಿಗೆ, ಹಲ್ಲಿನ ಒಂದೊಂದು ಸ್ಥಿತಿಗೆ ಹಟ್ಟಿಗಳಲ್ಲಿ ಯಾವ ಮಾತುಗಳು ನಡೆಯುತ್ತಿದ್ದುವೆಂಬುದನ್ನು ಹೇಳಬಲ್ಲವರು ಈಗ ಮುದುಕರು. ಬಯಲಿನ ಎರಲೆಗೆ ಕಾನೂನಿನ ರಕ್ಷೆಯಾದರೂ ಉಂಟು. ಅದರ ಹೆಸರುಗಳಿಗೆ ನಿಘಂಟಿನ ಹೊರತು ಬೇರೆ ರಕ್ಷೆಯಿಲ್ಲ. ಕೂಡ್ಲಿಗಿಯ ಹಟ್ಟಿಗಳಲ್ಲಿಯೂ ಹಡಗಲಿಯ ಕುರಿಗಾರರಲ್ಲಿಯೂ ಉಳಿದಿರುವ ಆ ಮಾತುಗಳನ್ನು ಅರ್ಥಭೇದಸಹಿತವಾಗಿ ಸಂಗ್ರಹಿಸುವ ಕಾರ್ಯವನ್ನು ಆ ಸೀಮೆಯ ಅಧ್ಯಾಪಕರು ಕೈಕೊಂಡರೆ ಭಾಷೆಗೆ ಮಹೋಪಕಾರವಾಗುವುದು.