ಯಂತ್ರ ತೊಳೆದರೂ ಭಾಂಡೆ ಏಕೆ ಹೊಲಸು?

ಊಟ ಮುಗಿದ ಮೇಲೆ ಮನೆಯಲ್ಲಿ ಉಳಿಯುವ ದೊಡ್ಡ ಕೆಲಸವೆಂದರೆ ಮುಸುರೆ ತಿಕ್ಕುವುದು. ಜುಣಕ ಮಾಡಿದ ಬುಟ್ಟಿ, ಎಣ್ಣೆಗಾಯಿಯ ಪಾತೇಲಿ, ಹಾಲಿನ ಬೋಗೋಣಿ, ತಾಟು, ವಾಟಗಾ, ಚರಿಗೆ ಎಲ್ಲವೂ ಒಟ್ಟಿಗೆ ಕಾದಿರುತ್ತವೆ. ಹಿಂದಿನವರು ಇದಕ್ಕೆ ಒಲೆಯ ಬೂದಿ ಮತ್ತು ತೆಂಗಿನ ನಾರನ್ನು ಬಳಸುತ್ತಿದ್ದರು. ಬೂದಿಯಲ್ಲಿರುವ ಕ್ಷಾರವು ಜಿಡ್ಡನ್ನು ಸಡಿಲಿಸುತ್ತದೆ, ನಾರು ಅದನ್ನು ಉಜ್ಜಿ ತೆಗೆಯುತ್ತದೆ. ಈಗ ಸಾಂಗಲಿ, ಮಿರಜಗಳ ಕೆಲವು ಮನೆಗಳಿಗೆ ಭಾಂಡೆ ತೊಳೆಯುವ ಯಂತ್ರ, ಅಂದರೆ ಡಿಶ್‌ವಾಶರ್ ಬಂದಿದೆ.

ಆದರೆ ಬಾಗಿಲು ತೆರೆದಾಗ ತಾಟಿಗೆ ಅನ್ನದ ಅಗುಳು ಅಂಟಿಕೊಂಡಿದ್ದರೆ, ಗ್ಲಾಸಿನ ಮೇಲೆ ಬಿಳಿ ಪೊರೆ ಕಂಡರೆ, ನಾವು ತಕ್ಷಣ "ಯಂತ್ರ ಕೆಟ್ಟಿದೆ" ಎನ್ನುತ್ತೇವೆ. ಇಲ್ಲವೇ "ಅವ್ವನಿಗೆ ಅದನ್ನು ನಡೆಸಲು ಬರುವುದಿಲ್ಲ" ಎನ್ನುತ್ತೇವೆ. ಮುಸುರೆ ಮತ್ತೆ ತಾಯಿಯ ಕೈಗೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಪರೀಕ್ಷೆಗೆ ಓದುತ್ತಿರುವ ಮಗಳ ಕೈಗೂ ಬರುತ್ತದೆ. ಸಾವಿರಾರು ರೂಪಾಯಿಯ ಯಂತ್ರ ಮೂಲೆಯಲ್ಲಿ ಕೂಡುತ್ತದೆ. ನಿಜವಾಗಿ ನೋಡಿದರೆ ಹೆಚ್ಚಿನ ಸಲ ಯಂತ್ರವೂ ಕೆಟ್ಟಿರುವುದಿಲ್ಲ, ಅವ್ವನದೂ ತಪ್ಪಿರುವುದಿಲ್ಲ. ಉಳಿದ ಕಲೆಯನ್ನೇ ನಿಧಾನವಾಗಿ ನೋಡಿದರೆ ದೋಷ ಎಲ್ಲಿದೆ ಎಂಬುದನ್ನು ಅದೇ ಹೇಳುತ್ತದೆ.

ಯಂತ್ರ ತೊಳೆಯುವ ಬಗೆ

ಅಮೇರಿಕೆಯ ಇಲಿನಾಯ್ ಪ್ರಾಂತದ ಜೋಸೆಫೀನ್ ಕಾಕ್ರನ್ ಎಂಬ ಮಹಿಳೆ 1886ರ ಡಿಸೆಂಬರ್ 28ರಂದು ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದಳು. 1893ರ ಶಿಕಾಗೋ ಪ್ರದರ್ಶನದಲ್ಲಿ ಜನ ಅದನ್ನು ಕಂಡರು. ಭಾಂಡೆಗಳನ್ನು ತಂತಿಯ ಗೂಡಿನಲ್ಲಿ ನಿಲ್ಲಿಸಿ ರಭಸದ ನೀರಿನಿಂದ ತೊಳೆಯುವುದು ಆಕೆಯ ಉಪಾಯ. ಇಂದಿನ ಯಂತ್ರದ ತತ್ವವೂ ಅದೇ.

ಯಂತ್ರದ ತಳದಲ್ಲಿ ಸ್ವಲ್ಪ ನೀರು ತುಂಬಿ ಕಾಯುತ್ತದೆ. ಪಂಪು ಆ ನೀರನ್ನು ತೂತುಗಳಿರುವ ತೋಳುಗಳಿಗೆ ತಳ್ಳುತ್ತದೆ. ತೂತುಗಳಿಂದ ನೀರು ಒಂದು ದಿಕ್ಕಿಗೆ ಚಿಮ್ಮಿದಾಗ ತೋಳು ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಇದು ನಾವು ವಿಜ್ಞಾನದ ತರಗತಿಯಲ್ಲಿ ಕಲಿಯುವ ನ್ಯೂಟನ್ನನ ಮೂರನೆಯ ನಿಯಮವೇ. ಚಿಮ್ಮಿದ ನೀರು ಕೆಳಗಿಳಿದು ಜಾಲರಿಯಲ್ಲಿ ಸೋಸಿ ಮತ್ತೆ ಮೇಲೇರುತ್ತದೆ. ಆದ್ದರಿಂದಲೇ ಒಂದು ಸಲಕ್ಕೆ ಸುಮಾರು 10ರಿಂದ 15 ಲೀಟರ್ ನೀರು ಸಾಕಾಗುತ್ತದೆ. ಪುಡಿಯಲ್ಲಿರುವ ಕ್ಷಾರವು ಜಿಡ್ಡನ್ನೂ, ಕಿಣ್ವಗಳು ಅನ್ನದ ಪಿಷ್ಟ ಮತ್ತು ಬೇಳೆಯ ಪ್ರೋಟೀನನ್ನೂ ಒಡೆಯುತ್ತವೆ.

ಯಂತ್ರಕ್ಕೆ ಕಣ್ಣಿಲ್ಲ, ಉಜ್ಜುವ ಕೈಯೂ ಇಲ್ಲ. ನೀರಿನ ರಭಸ, ಶಾಖ, ಪುಡಿ, ವೇಳೆ ಈ ನಾಲ್ಕೇ ಅದರ ಬಲ. ಇವುಗಳಲ್ಲಿ ಒಂದು ತಪ್ಪಿದರೂ ಭಾಂಡೆ ಹೊಲಸಾಗಿ ಉಳಿಯುತ್ತದೆ.

ಕಲೆ ಹೇಳುವ ಮಾತು

1. ಒಂದು ಭಾಂಡೆ ಸ್ವಚ್ಛ, ಪಕ್ಕದ್ದು ಹೊಲಸು: ಇದು ಜೋಡಣೆಯ ದೋಷ. ವಾಟಗಾಗಳನ್ನು ಒಂದರೊಳಗೊಂದು ಇಟ್ಟರೆ ನೀರು ಒಳಗೆ ಹೋಗದು. ದೊಡ್ಡ ಪಾತೇಲಿ ಅಡ್ಡ ನಿಂತರೆ ಹಿಂದಿನ ತಾಟಿಗೆ ನೀರು ತಾಗದು. ಬಾಯಿ ಕೆಳಗೆ ಮಾಡಿ, ತುಸು ಓರೆಯಾಗಿ, ನಡುವೆ ಜಾಗ ಬಿಟ್ಟು ಇಡಬೇಕು. ಬಾಗಿಲು ಮುಚ್ಚುವ ಮೊದಲು ತೋಳನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಬೇಕು. ಚಮಚೆಯ ಹಿಡಿಕೆ ತಡೆದರೂ ತೋಳು ನಿಂತುಬಿಡುತ್ತದೆ.

2. ಎಲ್ಲದರ ಮೇಲೂ ಮರಳಿನಂಥ ಕಣಗಳು: ಜಾಲರಿ ಕಟ್ಟಿದೆ. ಅನ್ನದ ಅಗುಳು, ಕರಿಬೇವಿನ ಎಲೆ, ಹುಣಸೆಯ ನಾರು ಅಲ್ಲಿ ಕೂಡಿರುತ್ತವೆ. ವಾರಕ್ಕೊಮ್ಮೆಯಾದರೂ ಜಾಲರಿಯನ್ನು ತೆಗೆದು ಹಳೆಯ ಬ್ರಶ್ಶಿನಿಂದ ತೊಳೆದು, ಸರಿಯಾಗಿ ಕೂಡಿಸಬೇಕು. ತೋಳಿನ ತೂತುಗಳಲ್ಲಿ ಸಾಸಿವೆ ಸಿಕ್ಕಿದ್ದರೆ ಸಣ್ಣ ಕಡ್ಡಿಯಿಂದ ತೆಗೆಯಬೇಕು. ಭಾಂಡೆ ಇಡುವ ಮೊದಲು ಉಳಿದ ಅನ್ನವನ್ನು ಬಳಿದು ತೆಗೆದರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ.

3. ಕೈಗೆ ಜಿಡ್ಡು ಹತ್ತುತ್ತದೆ: ಶಾಖ ಅಥವಾ ಪುಡಿ ಸಾಲದು. ತುಪ್ಪ, ಡಾಲ್ಡಾಗಳ ಜಿಡ್ಡಿಗೆ 60ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದ ಕ್ರಮವನ್ನು ಆರಿಸಬೇಕು. ಬೇಗ ಮುಗಿಯುವ ಕ್ರಮ ಇದಕ್ಕೆ ಸಾಲದು. ತೇವ ತಗುಲಿ ಗಡ್ಡೆ ಕಟ್ಟಿದ ಪುಡಿ ಕರಗುವುದಿಲ್ಲ. ಕೈಯಿಂದ ತಿಕ್ಕಲು ಬಳಸುವ ದ್ರವ ಸಾಬೂನನ್ನು ಮಾತ್ರ ಹಾಕಲೇಬಾರದು. ಅದರ ನೊರೆ ತುಂಬಿದರೆ ಪಂಪು ನೀರಿನ ಬದಲು ಗಾಳಿಯನ್ನು ಎಳೆಯುತ್ತದೆ.

4. ಪುಡಿ ಹಾಗೆಯೇ ಉಳಿದಿದೆ, ಇಲ್ಲವೇ ತಳದಲ್ಲಿ ಹೊಲಸು ನೀರು ನಿಂತಿದೆ: ಪುಡಿಯ ಡಬ್ಬಿಯ ಮುಚ್ಚಳಕ್ಕೆ ತಾಟು ಅಡ್ಡ ಬಂದಿರಬಹುದು. ನಳ ಪೂರ್ತಿ ತೆರೆದಿರಲಿಕ್ಕಿಲ್ಲ. ನೀರು ಬರುವ ಅಥವಾ ಹೋಗುವ ಕೊಳವೆ ಮಡಚಿಕೊಂಡಿರಬಹುದು.

5. ಗ್ಲಾಸಿನ ಮೇಲೆ ಬಿಳಿ ಪೊರೆ: ಇದು ನೀರಿನ ಗುಣ. ಇದರ ಬಗ್ಗೆ ತುಸು ಹೆಚ್ಚು ತಿಳಿಯಬೇಕು.

ನಮ್ಮ ನೀರು

ಕೃಷ್ಣೆಯ ದಂಡೆಯಲ್ಲಿದ್ದರೂ ನಮ್ಮಲ್ಲಿ ಎಷ್ಟೋ ಮನೆಗಳು ಬೋರಿನ ನೀರನ್ನು ಬಳಸುತ್ತವೆ. ನೆಲದೊಳಗಿನ ನೀರು ಕಲ್ಲು ಮಣ್ಣುಗಳ ಲವಣವನ್ನು ಕರಗಿಸಿಕೊಂಡು ಬರುತ್ತದೆ. ಆದ್ದರಿಂದ ಅದು ಸಾಮಾನ್ಯವಾಗಿ ಹೊಳೆಯ ನೀರಿಗಿಂತ ಹೆಚ್ಚು ಗಡಸು. ಗಡಸುತನಕ್ಕೆ ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಶಿಯಂ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಇಂಥ ನೀರು ಕಾದು ಆರಿದಾಗ ಸುಣ್ಣದ ಪೊರೆ ಉಳಿಯುತ್ತದೆ.

ಪೊರೆಯ ಮೇಲೆ ನಿಂಬೆಹಣ್ಣಿನ ಹೋಳನ್ನು ಉಜ್ಜಿ ತೊಳೆಯಿರಿ. ಹೋದರೆ ಅದು ಸುಣ್ಣವೇ. ಹೋಗದಿದ್ದರೆ ಗಾಜಿನ ಮೈಯೇ ಸವೆದಿರಬಹುದು, ಅದಕ್ಕೆ ಉಪಾಯವಿಲ್ಲ.

ಸುಣ್ಣ ತಡೆಯಲು ಅನೇಕ ಯಂತ್ರಗಳಲ್ಲಿ ರಾಳದ ಸಣ್ಣ ಮಣಿಗಳಿರುತ್ತವೆ. ಅವು ನೀರಿನ ಕ್ಯಾಲ್ಸಿಯಂ, ಮೆಗ್ನೀಶಿಯಂಗಳನ್ನು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಸೋಡಿಯಂ ತೀರಿದಾಗ ಉಪ್ಪುನೀರು ಹರಿದು ಮಣಿಗಳನ್ನು ಮತ್ತೆ ಸಿದ್ಧಗೊಳಿಸುತ್ತದೆ. ಯಂತ್ರಕ್ಕೆ ಉಪ್ಪು ಹಾಕುವುದು ಇದಕ್ಕಾಗಿಯೇ. ಅಡಿಗೆಯ ಪುಡಿ ಉಪ್ಪು ಬೇಡ, ಯಂತ್ರಕ್ಕೆಂದೇ ಮಾರುವ ಶುದ್ಧ ಹರಳುಪ್ಪು ಬೇಕು. ನೀರಿನ ಗಡಸುತನಕ್ಕೆ ತಕ್ಕಂತೆ ಯಂತ್ರದ ಅಂಕಿಯನ್ನೂ ಹೊಂದಿಸಬೇಕು. ನಳದ ನೀರಿನಿಂದ ಬೋರಿಗೆ ಬದಲಾದ ಮನೆಗಳಲ್ಲಿ ಈ ಅಂಕಿ ಹಳೆಯದೇ ಉಳಿದಿರುತ್ತದೆ.

ಯಂತ್ರದ ತಪ್ಪಲ್ಲದ ಕಲೆಗಳು

ಸಾಂಗಲಿಯೆಂದರೆ ಅರಿಷಿಣದ ಪೇಟೆ. 2018ರಲ್ಲಿ ಇಲ್ಲಿಯ ಅರಿಷಿಣಕ್ಕೆ ಭೌಗೋಳಿಕ ಗುರುತು ದೊರೆತಿದೆ. ಅರಿಷಿಣದ ಬಣ್ಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಎಣ್ಣೆಯಲ್ಲಿ ಕರಗುತ್ತದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಸೇರಿದ ಆ ಹಳದಿಯನ್ನು ಯಾವ ಯಂತ್ರವೂ ಪೂರ್ತಿ ತೆಗೆಯಲಾರದು. ಡಬ್ಬಿಯನ್ನು ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ. ಅಲ್ಯುಮಿನಿಯಂ ಪಾತೇಲಿ ಪುಡಿಯ ಕ್ಷಾರದಿಂದ ಕಪ್ಪಾಗುತ್ತದೆ. ಹಿತ್ತಾಳೆ ತನ್ನ ಹೊಳಪು ಕಳೆದುಕೊಳ್ಳುತ್ತದೆ. ರೊಟ್ಟಿಯ ಕಬ್ಬಿಣದ ಹಂಚು ತುಕ್ಕು ಹಿಡಿಯುತ್ತದೆ. ಇವುಗಳನ್ನು ಕೈಯಿಂದ ತೊಳೆಯುವುದೇ ಒಳ್ಳೆಯದು.

ಒಂದು ಸಲಕ್ಕೆ ಒಂದೇ ಬದಲಾವಣೆ

ವಿದ್ಯಾರ್ಥಿ ಮಿತ್ರರೇ, ದೋಷ ಹುಡುಕುವಾಗ ಎಲ್ಲವನ್ನೂ ಒಮ್ಮೆಲೇ ಬದಲಿಸಬೇಡಿ. ಜಾಲರಿ ತೊಳೆದು, ಪುಡಿ ಹೆಚ್ಚಿಸಿ, ಉಪ್ಪನ್ನೂ ಹಾಕಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಮೊದಲು ಖರ್ಚಿಲ್ಲದ್ದು: ಜೋಡಣೆ, ಜಾಲರಿ, ತೋಳು. ಆಮೇಲೆ ಶಾಖದ ಕ್ರಮ. ಕೊನೆಗೆ ಪುಡಿ, ಉಪ್ಪು. ಪ್ರತಿ ಸಲದ ಫಲವನ್ನು ವಹಿಯಲ್ಲಿ ಬರೆದಿಡಿ. ಇಷ್ಟಾದರೂ ನೀರು ಕಾಯದಿದ್ದರೆ, ಪಂಪು ತಿರುಗದಿದ್ದರೆ ಆಗ ಮೆಕ್ಯಾನಿಕನನ್ನು ಕರೆಯಬೇಕು. ಜಾಲರಿಗೆ ಕೈ ಹಾಕುವ ಮೊದಲು ವಿದ್ಯುತ್ತನ್ನು ಬಂದ್ ಮಾಡಿ. ಪುಡಿ ತೀವ್ರ ಕ್ಷಾರ, ಸಣ್ಣ ಮಕ್ಕಳ ಕೈಗೆ ಸಿಗಬಾರದು.

ಹೊಲಸು ಉಳಿಯಿತೆಂದು ಎರಡನೆಯ ಸಲ ತೊಳೆದರೆ ನೀರೂ ವಿದ್ಯುತ್ತೂ ಎರಡು ಪಟ್ಟು ಹೋಗುತ್ತವೆ. 2016ರ ಏಪ್ರಿಲ್ ತಿಂಗಳಲ್ಲಿ ಬರಗಾಲದ ಲಾತೂರಿಗೆ ನೀರಿನ ರೈಲು ಹೊರಟಿದ್ದು ನಮ್ಮ ಮಿರಜದಿಂದಲೇ. ಮೊದಲ ರೈಲು ಒಯ್ದದ್ದು ಸುಮಾರು 5 ಲಕ್ಷ ಲೀಟರ್. ಆ ನೀರಿಗಾಗಿ ಒಂದು ಊರೇ ದಾರಿ ಕಾಯುತ್ತಿತ್ತು. ಹತ್ತು ಲೀಟರಿನ ಬೆಲೆಯನ್ನು ನಾವು ಮರೆಯಬಾರದು.

ಪಾಲಕರಲ್ಲಿ ಒಂದು ವಿನಂತಿ. ಯಂತ್ರದ ಜೊತೆ ಬಂದ ಪುಸ್ತಕವನ್ನು ಕಪಾಟಿನಲ್ಲಿ ಇಡದೆ ಮಕ್ಕಳಿಂದ ಓದಿಸಿರಿ, ವಾರದ ಜಾಲರಿ ತೊಳೆಯುವ ಕೆಲಸವನ್ನೂ ಅವರಿಗೇ ಒಪ್ಪಿಸಿರಿ. ಅದು ಹುಡುಗಿಯರದೇ ಕೆಲಸವೆಂದು ಆ ಪುಸ್ತಕದಲ್ಲಿ ಎಲ್ಲಿಯೂ ಬರೆದಿಲ್ಲ.